ಕಮತಗಿಯ ಅವಳಿ-ಜವಳಿ

ಗಂಗವ್ವಾ, ನಿನ್ನ ಮದುವೆ ಮುರಿದವನು ನಾನು. ತಿಳಿಯದೆ ಮುರಿದೆ ಎಂದರೆ ಅರ್ಧ ಸುಳ್ಳಾದೀತು — ತಿಳಿದ ಮೇಲೂ ಬಾಯಿ ಬಿಡಲಿಲ್ಲ.

ಎಪ್ಪತ್ತರ ದಶಕದ ಕೊನೆ. ಬಾಗಲಕೋಟೆಯ ಕಾಲೇಜಿನಲ್ಲಿ ಮಾಸ್ತರನಾಗಿದ್ದ ನಾನು ಅವಳಿ ಮಕ್ಕಳನ್ನು ಹುಡುಕುತ್ತ ಊರೂರು ತಿರುಗುತ್ತಿದ್ದೆ. ತಾಯಿಯ ಹೊಟ್ಟೆಯಲ್ಲಿ ಒಂದೇ ತತ್ತಿ ಎರಡಾಗಿ ಒಡೆದು ಹುಟ್ಟಿದ ಅವಳಿಗಳು ಎಷ್ಟು ಹೋಲುತ್ತಾರೆ, ಬೇರೆ ಬೇರೆ ತತ್ತಿಯವರು ಎಷ್ಟು — ಹೋಲಿಸಿದರೆ ಜನರ ನಡುವಿನ ವ್ಯತ್ಯಾಸದಲ್ಲಿ ಹುಟ್ಟಿನಿಂದ ಬಂದ ಪಾಲೆಷ್ಟು, ಬೆಳೆದ ರೀತಿಯಿಂದ ಬಂದದ್ದೆಷ್ಟು ಎಂಬ ಅಂದಾಜು ಸಿಗುತ್ತದೆ. ಅದು ಗುಂಪಿನ ಲೆಕ್ಕ, ಒಬ್ಬಳ ಹಣೆಬರಹ ಅದರಲ್ಲಿ ಇರುವುದಿಲ್ಲ. ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ — ಆದರೂ...

ಕಮತಗಿಯ ನಿಮ್ಮ ಮನೆಗೆ ಬಂದಾಗ ನೀನೂ ಅಕ್ಕ ಗೌರವ್ವನೂ ಒಂದೇ ಖಣದ ಕುಪ್ಪಸ ತೊಟ್ಟು ಕೂತಿದ್ದಿರಿ. ಒಬ್ಬಳಿಗೆ ಹೆಚ್ಚು, ಒಬ್ಬಳಿಗೆ ಕಡಿಮೆಯಾದರೆ ಜೋಡಿಯಲ್ಲಿ ಒಂದು ಜೀವ ಉಳಿಯುವುದಿಲ್ಲವೆಂದು ನಂಬಿ ನಿಮ್ಮವ್ವ ಬಟ್ಟೆ, ಬಳೆ, ಗದ್ದದ ಮೇಲಿನ ಹಚ್ಚೆ ಎಲ್ಲವನ್ನೂ ಸಮ ಮಾಡಿದ್ದಳು. ನಾನು ಕಂಡದ್ದು ತಾಯಿಯ ಕೈಕೆಲಸ, ತಿಳಿದದ್ದು ಒಂದೇ ತತ್ತಿ ಎಂದು. ರಕ್ತ ತೆಗೆದು ಪರೀಕ್ಷೆಗೇನೋ ಕಳಿಸಿದ್ದೆ. ಕಾಯುವ ತಾಳ್ಮೆ ಎಲ್ಲಿತ್ತು? ಕಲಿತ ಸೊಕ್ಕು.

ಅದೇ ವರ್ಷ ಗೌರವ್ವನ ತಲೆ ಕೆಟ್ಟಿತು, ಹಗಲೆಲ್ಲ ಗೋಡೆಯ ಜೊತೆ ಮಾತಾಡತೊಡಗಿದಳು. ನಿನಗೆ ಹುನಗುಂದದ ಗಂಡು ನಿಶ್ಚಯವಾಗಿತ್ತು. ಅವನ ತಂದೆ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ನಿಲ್ಲಿಸಿದರು.

"ಕಲಿತವ್ರು ಅದೀರಿ, ಖರೆ ಹೇಳ್ರಿ ಮಾಸ್ತರ. ಅಕ್ಕಗ ಬಂದದ್ದು ಈಕಿಗೂ ಬರ್ತೈತೇನ್ರಿ?"

"ಒಂದೇ ತತ್ತಿಯವ್ರು ಅದಾರ್ರಿ. ಬಂದೇ ಬರ್ತೈತಿ" ಎಂದೆ.

ಮದುವೆ ನಿಂತಿತು, ನನ್ನ ಮಾತು ನಿಮ್ಮ ಮನೆಗೂ ಮುಟ್ಟಿತು. ಆಮೇಲೆ ರಕ್ತದ ಫಲಿತಾಂಶ ಬಂತು — ನಿನ್ನ ಗುಂಪೇ ಬೇರೆ, ಗೌರವ್ವನ ಗುಂಪೇ ಬೇರೆ. ಒಂದೇ ತತ್ತಿಯವರಾಗಿರಲು ಸಾಧ್ಯವೇ ಇರಲಿಲ್ಲ. ನಾನು ಮಾಡಿದ್ದೇನು? ನಿಮ್ಮ ಜೋಡಿಯನ್ನು ಒಂದೇ ತತ್ತಿಯವರ ಪಟ್ಟಿಯಿಂದ ತೆಗೆದು ಬೇರೆ ತತ್ತಿಯವರ ಪಟ್ಟಿಗೆ ಸೇರಿಸಿದೆ. ನನ್ನ ಅಂದಾಜು ಸರಿಹೋಯಿತು. ಹುನಗುಂದಕ್ಕೆ ಹೋಗಿ ತಪ್ಪು ಹೇಳಿದೆ ಎನ್ನಲು ನಾಲಿಗೆ ಏಳಲಿಲ್ಲ. ಮರ್ಯಾದೆ ಹೋದೀತೆಂಬ ಅಂಜಿಕೆ — ಅಷ್ಟೇ.

ವರ್ಷಗಳ ಮೇಲೆ ಕೂಡಲಸಂಗಮದಲ್ಲಿ ನೀನೇ ಗುರುತು ಹಿಡಿದೆ. ಗೌರವ್ವ ತೀರಿಕೊಂಡಿದ್ದಳು. ನಿನ್ನ ಕೊರಳಿಗೆ ತಾಳಿ ಬಿದ್ದೇ ಇರಲಿಲ್ಲ. ನೀನು ಸಿಟ್ಟಿಲ್ಲದ ದನಿಯಲ್ಲಿ ಹೇಳಿದೆ:

"ನೀವು ಹೇಳಿದಾಗಿಂದ ದಿನಾ ಎದ್ದ ಕೂಡ್ಲೇ ಅವ್ವನ್ನ ಕೇಳ್ತಿದ್ದೆರಿ, ನಾ ನೆಟ್ಟಗ ಮಾತಾಡಾಕತ್ತೇನೋ ಇಲ್ಲೋ ಅಂತ. ಈಗ ಅವ್ವನೂ ಇಲ್ಲ. ಯಾರನ್ನ ಕೇಳ್ಲಿ?"

ಆಗಲೂ... ಆಗಲೂ ಹೇಳಲಿಲ್ಲ ತಂಗಿ. ಬಸ್ಸಿಗೆ ತಡವಾಯಿತೆಂದು ಎದ್ದುಬಂದೆ.

ನಾಳೆ ಮೊದಲ ಬಸ್ಸಿಗೆ ಕಮತಗಿಗೆ ಬರುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ಹಾಕಿದರೆ ಹೊರಗೆ ನಿಂತೇ ಹೇಳುತ್ತೇನೆ — ನೀನು ಅಂದೂ ನೆಟ್ಟಗೇ ಮಾತಾಡುತ್ತಿದ್ದೆ, ಗಂಗವ್ವಾ. ಮಾತು ಕೆಟ್ಟದ್ದು ನನ್ನದು.