ಕೆನ್ನೆಯ ತಗ್ಗು

ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದ ಕೂಡಲೇ, ಬಂದೂಕಿನ ಮರಗಳ ಹಳೆಯ ಎಣ್ಣೆ ತೆಗೆದು ರಿಪೇರಿ ಮಾಡುವ ಎಣ್ಣೆಯಕ್ಕ ಗೋಡೆಯ ಮೇಲಿನ ಹಳೆಯ ಬಂದೂಕಿನ ಮರವನ್ನು ಇಳಿಸಿ, ಅದಕ್ಕೆ ಬಲಗೆನ್ನೆ ಒತ್ತಿ, ಒಂದು ಗಳಿಗೆ ದೇವರನ್ನು ನೆನೆಯುತ್ತಾಳೆ. ಜ್ವರ ಬಂದ ದಿನವೂ ಇದನ್ನು ತಪ್ಪಿಸಿದವಳಲ್ಲ. ಅದರಲ್ಲಿ ಕಬ್ಬಿಣದ ಭಾಗ ಯಾವುದೂ ಇಲ್ಲ. ಭುಜಕ್ಕೆ ಆನಿಸುವ ಮರವಷ್ಟೇ ಉಳಿದಿದೆ. ಅವಳ ಅಪ್ಪನದು.

ಅಪ್ಪ ಗುರಿಗಾರರ ಸಂಘದಲ್ಲಿ ಬಂದೂಕು ರಿಪೇರಿ ಮಾಡುತ್ತಿದ್ದರು. ಅವರ ಬಳಿ ಕೆಲಸ ಕಲಿಯುತ್ತಿದ್ದ ಮಗಳಿಗೆ ಆಗ ಹತ್ತೊಂಬತ್ತು. ಕೈ ಚುರುಕು, ತಾಳ್ಮೆ ಕಡಿಮೆ. ಒಂದು ದಿನ ಅಪ್ಪನ ಬಂದೂಕಿನ ಮೇಲಂಚಿನಲ್ಲಿ ತಗ್ಗೊಂದು ಕಣ್ಣಿಗೆ ಬಿತ್ತು. ಸವೆದಿದೆ ಅಂದುಕೊಂಡು ಉಪ್ಪು ಕಾಗದ ಹಿಡಿದು ತಿಕ್ಕಿದ್ದೇ ತಿಕ್ಕಿದ್ದು. ಸಂಜೆಗೆ ಮರ ಫಳಫಳ. ಅಪ್ಪ ಬಂದು ಕೆನ್ನೆಗಿಟ್ಟು ನೋಡಿದರು. ಬಯ್ಯಲಿಲ್ಲ. “ಯಾರದಮ್ಮ ಈ ಬಂದೂಕು?” ಎಂದಷ್ಟೇ ಕೇಳಿದರು. ಕಣ್ಣು ಗುರಿಗೆ ನೇರವಾಗಿ ಕೂರಲೆಂದು ಅವರೇ ವರ್ಷಗಟ್ಟಲೆ ಚೂರುಚೂರೇ ಹೆರೆದು ಮಾಡಿಕೊಂಡಿದ್ದ ತಗ್ಗು ಅದು.

ಅಂದಿನಿಂದ ಅವಳ ಅಂಗಡಿಗೆ ಉಪ್ಪು ಕಾಗದ ಕಾಲಿಟ್ಟಿಲ್ಲ.

ಈ ಸೋಮವಾರ ನಿವೃತ್ತ ಟೀಚರಮ್ಮ ತಮ್ಮ ಬಂದೂಕಿನ ಮರ ತಂದರು. ಹಿಂದೆ ಸಂಘದಲ್ಲಿ ಬಹುಮಾನ ಗೆದ್ದವರು. ಶನಿವಾರ ಹಳೆಯ ಸದಸ್ಯರ ಪಂದ್ಯವಿತ್ತು, ಕೈ ನಡುಗುವ ಮೊದಲು ಕೊನೆಯದೊಂದು ಸಲ ತಮ್ಮದೇ ಬಂದೂಕಿನಿಂದ ಹೊಡೆಯಬೇಕೆಂಬ ಹಟ. ಮರ ಹಳೆಯ ಎಣ್ಣೆ ಕುಡಿದು ಕಪ್ಪಾಗಿತ್ತು, ಕೈಯಲ್ಲಿ ಹಿಡಿಯುವ ಕುತ್ತಿಗೆಯ ಬಳಿ ಸೀಳಿತ್ತು, ಮೈತುಂಬ ಪೆಟ್ಟಿನ ಗುಳಿಗಳು. ಎಣ್ಣೆಯಕ್ಕ ಬೆರಳಾಡಿಸಿದಳು. ಮೇಲಂಚಿನಲ್ಲಿ ಸಣ್ಣದೊಂದು ತಗ್ಗು. ಬೆರಳು ಅಲ್ಲೇ ನಿಂತಿತು.

ಸೀಳಿಗೆ ಅಂಟು ತುಂಬಿ ಸೈಕಲ್ ಟ್ಯೂಬಿನ ಪಟ್ಟಿಯಿಂದ ಬಿಗಿದಳು. ಅದು ಹಿಡಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ಥಿನ್ನರ್‌ನಲ್ಲಿ ಕಲಸಿ ಬಳಿದು ಬಿಸಿಲಿಗಿಟ್ಟಳು. ಪುಡಿ ಎಣ್ಣೆ ಹೀರಿ ಕಂದುಬಣ್ಣಕ್ಕೆ ತಿರುಗಿದಾಗ ಬ್ರಷ್‌ನಿಂದ ಉದುರಿಸಿ ಮತ್ತೆ ಬಳಿದಳು. ಪಕ್ಕದಂಗಡಿಯ ಬಡಗಿ ಇಣುಕಿದ.

“ಏನಕ್ಕ, ಮರಕ್ಕೆ ಪೌಡರ್ ಹಚ್ತಿದ್ದೀಯ? ಮದುವೆ ಯಾವಾಗ?”

“ನೀನೂ ಬಾ, ಮುಖಕ್ಕೆ ಬಳೀತೀನಿ. ಕೊಳೆ ಹೀರುತ್ತೆ.”

ಶುಕ್ರವಾರ ಮಧ್ಯಾಹ್ನದಿಂದ ಗುಳಿಗಳ ಸರದಿ. ಒದ್ದೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ತಾಗಿಸಿದರೆ ಹಬೆ ಒಳಗಿಳಿದು, ಜಜ್ಜಿದ ನಾರು ಉಬ್ಬಿ ಮೇಲೇಳುತ್ತದೆ. ಒಂದೊಂದೇ ಗುಳಿ ಮುಚ್ಚಿಕೊಂಡಿತು. ತಗ್ಗಿನ ಪಕ್ಕದ ಮೂರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಅಲ್ಲಿ ಹಬೆ ಹೆಚ್ಚಾದರೆ ತಗ್ಗಿನ ಅಂಚೂ ಉಬ್ಬೀತು.

ಸಂಜೆ ಟೀಚರಮ್ಮ ಬಂದರು. ಕಣ್ಣು ಮುಚ್ಚಿ ಮರವನ್ನು ಭುಜಕ್ಕೇರಿಸಿ, ಕೆನ್ನೆ ಇಟ್ಟರು. ಎಣ್ಣೆಯಕ್ಕ ಅವರ ಕೆನ್ನೆಯನ್ನೇ ನೋಡುತ್ತಿದ್ದಳು.

“ನಂದೇ ಕಣಮ್ಮ,” ಎಂದರು ಟೀಚರಮ್ಮ, ಕಣ್ಣು ತೆರೆಯದೆ.

ಬೆಳಿಗ್ಗೆ ಬೇಗ ಬಂದು ಒಯ್ಯುವುದಾಗಿ ಹೇಳಿ ಅವರು ಹೋದರು. ಬಾಗಿಲಲ್ಲೇ ನಿಂತಿದ್ದ ಬಡಗಿಯ ಕಣ್ಣು ಮಾತ್ರ ಆ ಮೂರು ಗುಳಿಗಳ ಮೇಲಿತ್ತು.

“ನಾಳೆ ಅಷ್ಟು ಜನರ ಮುಂದೆ ಹಿಡಿಯೋ ಸಾಮಾನು, ಅಕ್ಕ. ಇಲ್ಲಿ ಕೊಡು, ನನ್ನ ಮೆಷಿನ್‌ನಲ್ಲಿ ಎರಡು ನಿಮಿಷ ಉಜ್ಜಿಕೊಡ್ತೀನಿ. ನಿನ್ನ ಹತ್ರ ದುಡ್ಡು ಕೇಳ್ತೀನಾ?”

ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ಎಣ್ಣೆಯಕ್ಕ ಮರವನ್ನು ಮಡಿಲಿಗೆಳೆದುಕೊಂಡು, ತಗ್ಗಿಗೆ ತಾಗದೆ ಒಂದು ಗುಳಿಗಷ್ಟೇ ಸಾಲುವಂತೆ ಬಟ್ಟೆಯ ತುದಿಯನ್ನು ಮಾತ್ರ ನೀರಿನಲ್ಲಿ ಅದ್ದಿದಳು.

“ಬೇಡ ತಮ್ಮ. ಆ ಇಸ್ತ್ರಿಪೆಟ್ಟಿಗೆ ಇನ್ನೂ ಬಿಸಿ ಇದೆ.”