ಸಾಕಮ್ಮನವರ ಬ್ಯಾರನ್ನಿನ ತಂತಿ

ಎರಡು ವರ್ಷದ ಹಿಂದೆ, ಶ್ರಾವಣದ ಒಂದು ಸೋಮವಾರ ಮಧ್ಯಾಹ್ನ, ಪಿರಿಯಾಪಟ್ಟಣದಾಚೆ ಸಾಕಮ್ಮನವರ ಬ್ಯಾರನ್ನಿನ ತಂತಿಯನ್ನು ಇಲಿ ಕಡಿಯಿತು. ನಾನು ಮಾಡಿಕೊಟ್ಟಿದ್ದ ಅಲಾರಂ ಕೂಗಲಿಲ್ಲ. ಇವತ್ತು ಬೆಳಿಗ್ಗೆ ಸೋಲ್ಡರಿನ ಹೊಗೆ ಮೂಗಿಗೆ ಹೊಕ್ಕಾಗ ಮೊದಲು ನೆನಪಾದದ್ದು ಅದೇ.

ಹುಣಸೂರಿನ ಕಡೆ ಬಂದಿದ್ದರೆ ನೀವು ಬ್ಯಾರನ್ ಕಂಡಿರುತ್ತೀರಿ. ಕಿಟಕಿಯಿಲ್ಲದ ಎತ್ತರದ ಮನೆ. ಕಡ್ಡಿಗೆ ಕಟ್ಟಿದ ಹಸಿ ಹೊಗೆಸೊಪ್ಪನ್ನು ಒಳಗೆ ಸಾಲುಸಾಲಾಗಿ ತೂಗುಹಾಕಿ, ಹೊರಗಿನ ಒಲೆಗೆ ಸೌದೆ ಕೊಟ್ಟು ಐದಾರು ದಿನ ಹದ ಮಾಡಬೇಕು. ಬಿಸಿ ಮೀರಿದರೆ ಹಳದಿಯಾಗಬೇಕಾದ ಎಲೆ ಕಪ್ಪಾಗುತ್ತದೆ. ಸಾಕಮ್ಮನವರು ಒಬ್ಬರೇ ಒಲೆ ಕಾಯುತ್ತಿದ್ದರು. ಮಂಡಿನೋವು ಬೇರೆ. ಊಟಕ್ಕಾದರೂ ನಿಶ್ಚಿಂತೆಯಿಂದ ಮನೆಗೆ ಹೋಗಬೇಕೆಂಬುದು ಅವರ ಆಸೆ.

ನಾನು ಪತ್ರಿಕೆಯ ವರದಿಗಾರ, ಸರ್ಕ್ಯೂಟು ನನ್ನ ಚಟ. ಬಿಸಿ ಮೀರಿದರೆ ಕೂಡಿಕೊಳ್ಳುವ ಸ್ವಿಚ್ಚೊಂದನ್ನು ಬ್ಯಾರನ್ನಿನೊಳಗೆ ಇಟ್ಟು, ಅಲ್ಲಿಂದ ಇನ್ನೂರಡಿ ದೂರದ ಮನೆಯಲ್ಲಿಟ್ಟ ಅಲಾರಂ ಪೆಟ್ಟಿಗೆಗೆ ತಂತಿ ಎಳೆದೆ. ಸ್ವಿಚ್ಚು ಕೂಡಿದರೆ ಅಲಾರಂ. ಬಹಳ ಜಾಣತನ ಮಾಡಿದೆನೆಂದೇ ತಿಳಿದಿದ್ದೆ.

ಸುದ್ದಿ ತಿಳಿದು ಹೋದಾಗ ಮೇಲಿನ ಎರಡು ಸಾಲು ಕಪ್ಪಾಗಿತ್ತು.

"ಪೆಟ್ಗೆ ಬಾಯ್ ಬುಡ್ಲೇ ಇಲ್ಲ ಕಣಣ್ಣ," ಎಂದರು ಸಾಕಮ್ಮ. "ಸೊಪ್ಪಿನ ಗಮಲು ಮನೆ ತಂಕ ಬಂತು. ಅನ್ನದ್ ಕೈಲೇ ಓಡ್ಬಂದೆ."

ಪಕ್ಕದ ಬ್ಯಾರನ್ನಿನ ಪುಟ್ಟರಾಜು ಬಿಡಲಿಲ್ಲ. "ಸುದ್ದಿ ಮುಟ್ಸೋದೇ ಕಸುಬು ಅಂತೀರಿ. ಇನ್ನೂರಡಿ ಮುಟ್ಸಕ್ಕಾಗ್ನಿಲ್ವಲ್ಲ ಸಾ."

"ಸುಮ್ಕಿರ್ಲಾ, ಬೇಕೂಂತ ಮಾಡವ್ರಾ?" ಎಂದರು ಸಾಕಮ್ಮ.

ಬೈದಿದ್ದರೆ ವಾಸಿಯಿತ್ತು. ಅವರು ಮನೆಗೆ ಹೋದದ್ದು ನನ್ನ ಪೆಟ್ಟಿಗೆಯನ್ನು ನಂಬಿ.

ಬಸ್ಸಿನಲ್ಲಿ ಬರುವಾಗ ತಪ್ಪು ಹೊಳೆಯಿತು. ನಮ್ಮ ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿದೆ. ಕೆ.ಆರ್. ನಗರವಾಗಲಿ, ಎಚ್.ಡಿ. ಕೋಟೆಯಾಗಲಿ, ಪ್ರತಿ ತಾಲ್ಲೂಕಿನವರೂ ಸಂಜೆ ಫೋನ್ ಮಾಡಿ "ವಿಶೇಷವಿಲ್ಲ" ಎಂದಾದರೂ ಹೇಳಬೇಕು. ಫೋನ್ ಬರದಿದ್ದರೆ ಅಲ್ಲೇನೋ ಆಗಿದೆಯೆಂದು ನಾವೇ ವಿಚಾರಿಸುತ್ತೇವೆ. ವರ್ಷಗಟ್ಟಲೆ ಪಾಲಿಸಿದ ಈ ನಿಯಮವನ್ನು ತಂತಿಗೆ ಅನ್ವಯಿಸಲು ಮರೆತಿದ್ದೆ. ತಂತಿ ಸುಮ್ಮನಿದ್ದರೆ ಎಲ್ಲ ಸರಿಯಿದೆಯೆಂದೇ ನನ್ನ ಪೆಟ್ಟಿಗೆಯ ಲೆಕ್ಕ.

ಮರುದಿನ ಸ್ವಿಚ್ಚು ಬದಲಿಸಿದೆ. ಬಿಸಿ ಹದವಾಗಿರುವಷ್ಟು ಹೊತ್ತು ತಂತಿಯಲ್ಲಿ ಸಣ್ಣ ಕರೆಂಟು ಹರಿಯುತ್ತಿರಬೇಕು. ಬಿಸಿ ಮೀರಲಿ, ತಂತಿ ತುಂಡಾಗಲಿ, ಅದು ನಿಂತೊಡನೆ ಅಲಾರಂ. ತಂತಿ ಕಡಿದಾಗ ಕರೆಂಟು ಇದೆಯೋ ಇಲ್ಲವೋ ಎಂದು ಪೆಟ್ಟಿಗೆ ಗೊಂದಲಕ್ಕೆ ಬೀಳದಂತೆ ಒಳಗೊಂದು ರೆಸಿಸ್ಟರು ಹಾಕಿದೆ. ಆದರೂ ಪಂಪಿನ ಮೋಟರು ಶುರುವಾದಾಗಲೆಲ್ಲ ಅದು ಸುಮ್ಮನೆ ಕೂಗಿತು. ಅನುಕೂಲವೆಂದು ನನ್ನ ತಂತಿಯನ್ನು ಮೋಟರಿನ ಕೇಬಲ್ಲಿಗೇ ಬಿಗಿದು ಕಟ್ಟಿದ್ದೆ. ಅದರ ಅಬ್ಬರವೆಲ್ಲ ಇದಕ್ಕೂ ತಗುಲುತ್ತಿತ್ತು. ನನ್ನ ತಂತಿಯ ಎರಡು ಎಳೆಗಳನ್ನು ಹೊಸೆದು ಬೇರೆ ಕಂಬದ ಮೇಲೆ ತಂದೆ. ಪೆಟ್ಟಿಗೆಯ ಬಾಗಿಲಲ್ಲಿ, ತಂತಿಯ ಸಂದೇಶವನ್ನು ಬೆಳಕಿನ ಮೂಲಕ ಮಾತ್ರ ಒಳಗೆ ಬಿಡುವ ಚಿಪ್ಪೊಂದನ್ನು ಕೂರಿಸಿದೆ. ಅಲಾರಂ ನಡೆಸುವ ರಿಲೇ ಸ್ವಿಚ್ಚು ಬಿಡುವಾಗ ಕರೆಂಟು ಹಿಂದಕ್ಕೆ ಒದೆಯದಂತೆ ಡಯೋಡು. ಮನೆಯ ಕರೆಂಟು ಹೋದರೆ ಇರಲೆಂದು ಬ್ಯಾಟರಿ.

"ಈಗ ಇಲಿ ಕಡುದ್ರೆ?" ಸಾಕಮ್ಮ ಕೇಳಿದರು.

"ಕೂಗ್ತದೆ."

ಅವರು ನನ್ನ ಮಾತನ್ನಷ್ಟೇ ನಂಬಲಿಲ್ಲ. ಬ್ಯಾರನ್ನಿನ ಗೋಡೆಯ ಬಳಿ ಹೋಗಿ ತಂತಿಯನ್ನು ಕೈಯಾರೆ ಕಿತ್ತರು. ಮನೆಯಿಂದ ಅಲಾರಂ ಕೇಳಿಸಿತು. ಸಿಕ್ಕಿಸಿದರು, ನಿಂತಿತು. ಮತ್ತೆ ಕಿತ್ತರು.

"ಸುಮ್ಸುಮ್ನೆ ಎದ್ದೋಡೋ ಅಂಗಾದ್ರೆ ಏನಕ್ಕ ಮಾಡೀಯೆ?" ಎಂದ ಪುಟ್ಟರಾಜು.

"ಮಂಡಿ ನೋಯ್ತದೆ, ಅಷ್ಟೇಯ. ಸೊಪ್ಪು ಉಳೀತದಲ್ಲ."

ಈ ವರ್ಷ ಮೂರನೇ ಸಲ ಬ್ಯಾರನ್ನಿಗೆ ಸೊಪ್ಪು ತುಂಬಿ, ಸಾಕಮ್ಮನವರು ಮೊನ್ನೆ ಒಲೆ ಹಚ್ಚಿದ್ದಾರೆ. ನಿನ್ನೆ ಸಂಜೆ ಅವರ ಫೋನ್ ಬಂತು. ಎಲೆ ಹಳದಿಗೆ ತಿರುಗಿದೆಯಂತೆ. ಮಧ್ಯಾಹ್ನ ಮನೆಗೆ ಹೋಗಿ ಉಂಡು, ಅರ್ಧ ತಾಸು ಮಲಗಿದ್ದರಂತೆ.