ಕಾಲುವೆ ಕಟ್ಟೆಯ ಸುಂಕದ ಯಾನ್

ಅವನ ಹೆಸರನ್ನು ಗ್ವೇಚೆನ್ ಮೊದಲು ಕೇಳಿದ್ದು, ಗಂಡ ಶಿಲಿನ್ ತೂತು ಬಿದ್ದ ಕಾಲುಚೀಲಗಳ ಮೂಟೆ ಹೊತ್ತು ಅರ್ಧ ದಾರಿಯಿಂದ ವಾಪಸು ಬಂದ ದಿನ. ಕಾಲುವೆಯ ಸುಂಕದ ಕಟ್ಟೆಗೆ ಯಾನ್ ಎಂಬ ಹೊಸಬ ಬಂದಿದ್ದಾನೆ, ಅಕ್ಕಿ ಮೂಟೆಗೆ ಚುಚ್ಚುವ ಕಬ್ಬಿಣದ ಸಲಾಕೆಯನ್ನು ಇದಕ್ಕೂ ಚುಚ್ಚಿ ಒಳಗೇನು ಬಚ್ಚಿಟ್ಟಿದ್ದೀಯ ಅಂದನಂತೆ. ತೂತು ಹೊಲಿಯುತ್ತ ಅವಳು ಆ ಕೈ ಸೇದಿಹೋಗಲಿ ಎಂದು ಶಪಿಸಿದಳು.

ಮುಂದೆ ಶಿಲಿನ್ ಜ್ವರದಲ್ಲಿ ತೀರಿಕೊಂಡ. ಮೂಟೆಯೊಂದಿಗೆ ಷಾಂಘೈ ದೋಣಿ ಹತ್ತುವ ಪಾಳಿ ಅವಳದಾಯಿತು. ಯಾನ್‌ನನ್ನು ಕಣ್ಣಾರೆ ಕಂಡಾಗ ಶಪಿಸಲು ಬಾಯಿ ಬರಲಿಲ್ಲ. ಬಡಕಲು ಮನುಷ್ಯ, ಗುಡಿಸಲ ಮುಂದೆ ಒಬ್ಬನೇ ಕೂತು ಉಪ್ಪು ಹಾಕಿದ ಬಾತುಮೊಟ್ಟೆ ಕಚ್ಚಿಕೊಂಡು ಗಂಜಿ ಕುಡಿಯುತ್ತಿದ್ದ. ಅವನು ಕೊಟ್ಟ ಚಹಾ ಯಾರೂ ಮುಟ್ಟುತ್ತಿರಲಿಲ್ಲ. ಕುಡಿದರೆ ಅದಕ್ಕೂ ಸುಂಕ ಕೇಳುತ್ತಾನೆಂದು ಅಂಬಿಗರು ನಗುತ್ತಿದ್ದರು.

ಆ ವರ್ಷ, ಯಂತ್ರದಲ್ಲಿ ತಯಾರಾದ ಮಾಲಿಗೆ ದಾರಿಸುಂಕ ಮಾಫಿ ಎಂದು ಸರ್ಕಾರ ಸಾರಿತು. ಗ್ವೇಚೆನ್ ಹೆಣೆಯುತ್ತಿದ್ದುದು ಬಾಡಿಗೆಗೆ ತಂದ, ಹಿಡಿ ತಿರುಗಿಸುವ ಯಂತ್ರದಲ್ಲಿ. ಸುಂಕ ಕೊಟ್ಟರೆ ಬಾಡಿಗೆಗೆ ಉಳಿಯದು, ಬಾಡಿಗೆ ನಿಂತರೆ ಯಂತ್ರವೇ ಉಳಿಯದು.

"ಕೈಯಲ್ಲಿ ತಿರುಗ್ಸೋದು ಯಂತ್ರ ಹೆಂಗಾಗುತ್ತೆ ಅತ್ತಿಗೆ?" ಮಾಫಿ ಕೇಳಿದವಳಿಗೆ ಅಂದ ಯಾನ್. "ಅಲ್ಲದೆ, ನೋಟೂ ಯಂತ್ರದಲ್ಲೇ ಅಚ್ಚಾಗೋದು. ಬ್ಯಾಂಕಿನೋರು ಅದಕ್ಕೆ ತೆರಿಗೆ ಕಟ್ತಿಲ್ವಾ?"

"ನೋಟನ್ನ ಕಾಲಿಗೆ ಹಾಕ್ಕೊಳಕ್ಕಾಗುತ್ತಾ ಯಾನಣ್ಣ? ಒಂದ್ಸಲ ಬಂದು ನೋಡಿ."

ಅವನು ನಿಜಕ್ಕೂ ಬಂದ. ಹಿಡಿಯನ್ನು ಉಲ್ಟಾ ತಿರುಗಿಸಿದ್ದೇ, ಹೆಣೆದ ಕಾಲುಚೀಲ ಸೂಜಿಗಳಿಂದ ಕಳಚಿ ಮಡಿಲಿಗೆ ಬಿತ್ತು. ಗಂಡ ಹೋದ ಮೇಲೆ ಗ್ವೇಚೆನ್ ನಕ್ಕಿದ್ದು ಅದೇ ಮೊದಲು. ಚಹಾ ಕೊಟ್ಟಳು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ಆರಿಹೋಗುವವರೆಗೂ ಅವನು ಕುಡಿಯದೆ ಕೂತಿದ್ದ. ಮುಂದಿನ ಸಲ ಅವಳ ರಹದಾರಿ ಚೀಟಿಯ ಮೇಲೆ 'ಯಂತ್ರದ ಮಾಲು' ಎಂದು ಬರೆದುಕೊಟ್ಟ.

ಊರು ಸುಮ್ಮನಿರುತ್ತದೆಯೇ? ಕೊಳದ ಮೆಟ್ಟಿಲಲ್ಲಿ ಬಟ್ಟೆ ಒಗೆಯುವಾಗ ಅಂಬಿಗನ ಹೆಂಡತಿ ಎಲ್ಲರಿಗೂ ಕೇಳುವಂತೆ ಅಂದಳು: "ಗಂಡ ಇದ್ದಾಗ ಕೈಮಾಲು, ಗಂಡ ಹೋದ್ಮೇಲೆ ಯಂತ್ರದ ಮಾಲು."

ಮಾತು ಗ್ವೇಚೆನ್‌ಳ ಅತ್ತೆಯ ಕಿವಿಗೆ ಬಿತ್ತು. ಅಂದಿನಿಂದ ಮೂಟೆ ಅಂಬಿಗನ ಕೈಯಲ್ಲೇ ಹೋಗತೊಡಗಿತು. ಅಪರೂಪಕ್ಕೆ ತಾನೇ ಹೋಗಬೇಕಾದರೆ ಗ್ವೇಚೆನ್ ದೋಣಿಗೆ ಹೊದಿಸಿದ ಚಾಪೆಯ ಮರೆಯಲ್ಲಿ ಕೂರುತ್ತಿದ್ದಳು. ಕಟ್ಟೆಯಲ್ಲಿ ದೋಣಿ ನಿಂತಾಗ ಯಾನ್ ಚೀಟಿ ಬರೆದುಕೊಡುತ್ತಿದ್ದ, ಒಳಗೆ ಯಾರೆಂದು ಕೇಳುತ್ತಿರಲಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದು ಅನ್ನುತ್ತಾರೆ. ಸುಂಕದವನು ತನ್ನದನ್ನು ಯಾರ ಮುಂದೆ ಹೇಳಿಕೊಳ್ಳಬೇಕು ಎಂದು ಅವಳಿಗೆ ಅನ್ನಿಸುತ್ತಿತ್ತು. ಅನ್ನಿಸಿದ್ದಷ್ಟೇ.

ಕೊನೆಗೆ ದಾರಿಸುಂಕವೇ ರದ್ದಾಯಿತು. ಉಳಿದ ನೌಕರರು ಊರಿಗೆ ಹೋದರು. ಯಾನ್‌ಗೆ ಹೋಗಲು ಊರಿರಲಿಲ್ಲ, ಗುಡಿಸಲಲ್ಲೇ ಉಳಿದ. ಮೊದಲು ಬೈದುಕೊಂಡಾದರೂ ನಿಲ್ಲುತ್ತಿದ್ದ ದೋಣಿಗಳು ಈಗ ಹುಟ್ಟನ್ನೂ ನಿಧಾನ ಮಾಡದೆ ದಾಟಿಹೋಗುತ್ತಿದ್ದವು.

ಅತ್ತೆ ಸತ್ತ ವರ್ಷದ ಚಳಿಗಾಲ. ಷಾಂಘೈಯಿಂದ ಮರಳುವಾಗ ಗ್ವೇಚೆನ್ ಚಾಪೆಯ ಹೊರಗೇ ಕೂತಿದ್ದಳು. ಅವಳನ್ನು ಕಂಡು ಯಾನ್ ಕಟ್ಟೆಯ ಮೆಟ್ಟಿಲಿನಿಂದ ಎದ್ದ. ತಲೆ ಪೂರ್ತಿ ನರೆತಿತ್ತು. ದೋಣಿ ನಿಲ್ಲಲಿಲ್ಲ. ಅವನು ದಡದ ಮೇಲೆ ಅದರ ಜೊತೆಜೊತೆಗೇ ನಡೆಯುತ್ತ ಬಂದ, ಏದುಸಿರು ಬಿಡುತ್ತ ಕೇಳಿದ:

"ಅತ್ತಿಗೆ, ನಿಮ್ಮಿಂದ ವಸೂಲಿ ಮಾಡಕ್ಕೆ ಈಗ ನಂಗೇನೂ ಇಲ್ಲ. ಒಂದ್ಗಳಿಗೆ ನಿಲ್ಲಿಸ್ತೀರಾ?"